ದೂರದ ಮನೆಪಾಠಕ್ಕೆ ಹೊಸಬರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಜೆಯ ಹೊತ್ತು ತಾಯಿತಂದೆಗಳಿಗೆ ಬಿಡುವೆಲ್ಲಿಯದು? ರೇಷ್ಮೆಹುಳುವಿಗೆ ಸೊಪ್ಪು ಹಾಕಬೇಕು, ಹಾಲು ಕರೆದು ಡೈರಿಗೆ ಒಯ್ಯಬೇಕು. ಮಗುವಿನ ಮನೆಲೆಕ್ಕವು ಹಾಗೆಯೇ ಉಳಿಯುವುದು. ಈ ಕೊರತೆಯನ್ನು ಅಂತರ್ಜಾಲದ ಮೂಲಕ ತುಂಬಹೊರಟ ಬಳಗಗಳು ಈಗ ಹಲವುಂಟು. 2011ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈವಿದ್ಯಾಲೋಕವು ಸರಕಾರಿ ಶಾಲೆಯ ಮಕ್ಕಳಿಗೆ ಸ್ವಯಂಸೇವಕರಿಂದ ದೂರಪಾಠ ಹೇಳಿಸತೊಡಗಿತು. ಅಮೆರಿಕದ ಸಲ್ಮಾನ್ ಖಾನರು (ಚಲನಚಿತ್ರದವರಲ್ಲ) 2004ರಲ್ಲಿ ದೂರದೂರಿನ ಬಂಧುವೊಬ್ಬಳಿಗೆ ಲೆಕ್ಕ ಹೇಳಿಕೊಡುವುದರಿಂದ ಮೊದಲುಮಾಡಿದವರು. 2020ರಲ್ಲಿ ಸ್ಕೂಲ್‌ಹೌಸ್ ಎಂಬ ಬಳಗವನ್ನು ಕಟ್ಟಿದರು. ಅಲ್ಲಿ ಬೋಧಕನಾಗಬಯಸುವವನು ಪರೀಕ್ಷೆಯ ಲೆಕ್ಕಗಳನ್ನು ಬಾಯಲ್ಲಿ ವಿವರಿಸುತ್ತ ಬಿಡಿಸಿ, ಅದನ್ನು ಧ್ವನಿಸಹಿತ ಮುದ್ರಿಸಿ ಕಳುಹಿಸತಕ್ಕದ್ದು. ಮೊದಲೇ ಸೇರಿದವರು ಅದನ್ನು ನೋಡಿ ಒಪ್ಪಬೇಕು. ಉತ್ತರ ಬಂದರೆ ಸಾಲದು, ಹೇಗೆ ಬಂದಿತೆಂದು ಹೇಳಬಲ್ಲವನೂ ಆಗಿರಬೇಕೆಂಬ ಕಟ್ಟಳೆ ನಮಗೆ ಬಹಳ ಮೆಚ್ಚಿಗೆಯಾಯಿತು.

ನಾವೂ ಇಲ್ಲಿಯ ಒಂದು ಸಣ್ಣ ಬಳಗಕ್ಕೆ ಸೇರಿದೆವು. ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ಕೈಗೆ ಇದೇನು ಮಹಾ ಎಂಬ ಹಮ್ಮು ನಮಗಿತ್ತೆಂದು ಮರೆಮಾಚದೆ ಒಪ್ಪುತ್ತೇವೆ. ಕನಕಪುರದ ಕಡೆಯ ಬಾಲಿಕೆಯೊಬ್ಬಳು 3/4 ಕ್ಕೆ 1/6 ಕೂಡಿಸಿ 4/10 ಎಂದು ಬರೆದು ತೋರಿಸಿದಳು. ನಾವು ತಡಮಾಡದೆ 11/12 ಎಂದು ತಿದ್ದಿದೆವು. ಆಕೆ ಬರೆದುಕೊಂಡು ಹೋದಳು. ಮೂರನೆಯ ದಿನ ಬಂದಾಗ 2/3 ಕ್ಕೆ 1/5 ಕೂಡಿ 3/8 ಆಗಿದ್ದಿತು! ತಪ್ಪು ಯಾರದೆಂದು ವಾಚಕರಿಗೆ ಹೇಳಬೇಕಾದುದಿಲ್ಲ.

ಆಗ, "ಹೇಗೆ ಮಾಡಿದೆ ಹೇಳು, ತಾಯಿ," ಎಂದೆವು. "ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ, ಮೇಷ್ಟ್ರೇ." "ಸರಿ. ರೊಟ್ಟಿಯ ಮೂರು ಪಾಲಿನಲ್ಲಿ ಎರಡು ನಿನ್ನ ತಟ್ಟೆಯಲ್ಲಿದೆ. ನಿಮ್ಮಮ್ಮ ಇನ್ನೊಂದು ಚೂರು ಹಾಕಿದರೆ ಅದು ಅರ್ಧ ರೊಟ್ಟಿಗಿಂತ ಕಡಮೆಯಾಗುವುದೇ?" ಹುಡುಗಿ ತುಸು ಹೊತ್ತು ಸುಮ್ಮನಿದ್ದು ನಕ್ಕಳು. ಅಲ್ಲಿಂದ ಮುಂದಕ್ಕೆ ಹದಿನೈದರ ಛೇದವನ್ನು ತಾನೇ ಕಂಡುಕೊಂಡಳು. ಅರ್ಧ ಗಂಟೆ ಹಿಡಿಯಿತು.

ಬಳಗದ ತರುಣ ಎಂಜಿನಿಯರರು ನಮಗಿಂತ ಚುರುಕು. ಆದರೆ ಇಂಗ್ಲಿಷಿನಲ್ಲಿ ಓದಿದ ಅವರಿಗೆ ಲ.ಸಾ.ಅ. ಎಂದರೆ ಕಕ್ಕಾಬಿಕ್ಕಿ. ಲಘುತಮ ಸಾಮಾನ್ಯ ಅಪವರ್ತ್ಯವೆಂದು ಬಿಡಿಸಿ ಹೇಳಲು ನಮ್ಮ ಸಂಸ್ಕೃತವು ಒದಗಿತು. ಮಗುವಿಗೋ, ಆ ಮೂರಕ್ಷರವೂ ಮಂತ್ರದಂತೆ ಬಾಯಿಪಾಠವಾಗಿದ್ದಿತಷ್ಟೆ, ಅರ್ಥವಾಗಿರಲಿಲ್ಲ. ಈ ಮಾತುಗಳನ್ನು ಬಲ್ಲ ನಿವೃತ್ತರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಜಗಲಿಯಲ್ಲಿ ಕುಳಿತಿರುವರು. ಅವರು ಬರಲಿ, ಆದರೆ ಮೊದಲ ವಾರ ಇತರರ ಪಾಠವನ್ನು ಸುಮ್ಮನೆ ನೋಡಲಿ, ನಮ್ಮಂತೆ ಉತ್ತರಕ್ಕೆ ಆತುರಪಡದಿರಲಿ. ಯಂತ್ರದ ಭಯವು ಬೇಡ. ನಮ್ಮ ಫೋನನ್ನು ನೆಟ್ಟಗೆ ನಿಲ್ಲಿಸಲು ಇಂದಿಗೂ ಮೊಮ್ಮಗನೇ ಬರಬೇಕು.