ಬಿರುಕಿನ ದನಿ ಕೇಳುವ ಕಿವಿ



ಸಂತೆಯಲ್ಲಿ ಗಡಿಗೆ ಕೊಳ್ಳುವವರನ್ನು ನೀವು ನೋಡಿರಬಹುದು. ಗಡಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಬಡಿದು ನೋಡುತ್ತಾರೆ. 'ಠಣ್' ಎಂದರೆ ಗಡಿಗೆ ಗಟ್ಟಿ. ದನಿ ಒಡಕಾಗಿ ಬಂದರೆ ಎಲ್ಲೋ ಸೀಳು ಇದೆ ಎಂದು ಅರ್ಥ. ಕಣ್ಣಿಗೆ ಕಾಣದ ಸೀಳನ್ನು ಕಿವಿ ಕಂಡುಹಿಡಿಯುತ್ತದೆ! ರೈಲುಗಾಡಿಯ ಗಾಲಿಗಳನ್ನೂ ಹಿಂದೆ ಸುತ್ತಿಗೆಯಿಂದ ಬಡಿದು, ದನಿ ಕೇಳಿ ಪರೀಕ್ಷಿಸುತ್ತಿದ್ದರು.

ಹಾಗಾದರೆ ಸೇತುವೆಯನ್ನು ಬಡಿದು ನೋಡುವವರು ಯಾರು? ಅಣೆಕಟ್ಟೆಯ ಗೇಟನ್ನು ಬಡಿದು ನೋಡುವವರು ಯಾರು?

ಈ ಪ್ರಶ್ನೆ ನನ್ನನ್ನು ಕಾಡಿದ್ದು 2024ರ ಆಗಸ್ಟ್ ತಿಂಗಳಲ್ಲಿ. ಆಗಸ್ಟ್ 7ರಂದು ಮಧ್ಯರಾತ್ರಿ ಕಳೆದ ಮೇಲೆ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಅದಕ್ಕೆ ಸುಮಾರು 40 ವರ್ಷ ವಯಸ್ಸಾಗಿತ್ತು. ಒಂದು ಲಾರಿ ನದಿಗೆ ಬಿತ್ತು; ಚಾಲಕನನ್ನು ಬದುಕಿಸಿದರು. ಮೂರೇ ದಿನದಲ್ಲಿ, ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಯಿತು. ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ರೈತರ ಹೊಲಕ್ಕೆ ಹೋಗಬೇಕಿದ್ದ ನೀರು ಹೊಳೆಗೆ ಹರಿದುಹೋಯಿತು. ಸುಮಾರು ಒಂದು ವಾರದ ನಂತರ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟು ಇಳಿಸಿ ಅದನ್ನು ತಡೆದರು.

ಆ ನೀರಿನಲ್ಲಿ ನಮ್ಮ ಜಿಲ್ಲೆಯ ನೀರೂ ಇತ್ತು, ಮಕ್ಕಳೇ. ನಮ್ಮ ವರದಾ ನದಿ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರಿ ಅಲ್ಲಿಗೇ ಹೋಗುತ್ತದೆ.

ಕಬ್ಬಿಣಕ್ಕೂ ಕಾಂಕ್ರೀಟಿಗೂ ಒಂದೇ ರಾತ್ರಿಯಲ್ಲಿ ಮುಪ್ಪು ಬರುವುದಿಲ್ಲ. ತುಕ್ಕು ಮೆಲ್ಲಗೆ ತಿನ್ನುತ್ತದೆ. ಬಿರುಕು ಕೂದಲೆಳೆಯಷ್ಟಿದ್ದು ಮೆಲ್ಲಗೆ ಬೆಳೆಯುತ್ತದೆ. ಅದು ಬೆಳೆಯುವಾಗ ಸಣ್ಣ ಸದ್ದನ್ನೂ ಮಾಡುತ್ತದೆ. ಆದರೆ ಆ ಸದ್ದು ನಮ್ಮ ಕಿವಿಗೆ ಕೇಳಿಸುವುದಿಲ್ಲ.

ಗ್ಯಾಸ್ ಲೈಟರಿನೊಳಗಿನ ಗುಟ್ಟು

ಅದನ್ನು ಕೇಳುವ ಕಿವಿಯೊಂದಿದೆ. ಅದರ ಬಂಧು ನಿಮ್ಮ ಅಡುಗೆ ಮನೆಯಲ್ಲೇ ಇರಬಹುದು. ಗ್ಯಾಸ್ ಲೈಟರ್ ಒತ್ತಿದಾಗ ಬ್ಯಾಟರಿ ಇಲ್ಲದೆಯೇ ಕಿಡಿ ಹಾರುತ್ತದಲ್ಲವೇ? ಅದರೊಳಗೆ ಒಂದು ಪುಟ್ಟ ತುಂಡು ಇದೆ. ಸ್ಪ್ರಿಂಗಿನ ಸುತ್ತಿಗೆ ಅದಕ್ಕೆ ಬಡಿದ ಕೂಡಲೇ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಇದನ್ನು ಪೀಜೋ ವಿದ್ಯುತ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಈ ಪದದ ಮೂಲಕ್ಕೆ 'ಒತ್ತು' ಎಂಬ ಅರ್ಥವಿದೆ. ಫ್ರಾನ್ಸಿನ ಅಣ್ಣತಮ್ಮಂದಿರಾದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ 1880ರಲ್ಲಿ ಬೆಣಚುಕಲ್ಲಿನ ಹರಳು ಮೊದಲಾದವುಗಳಲ್ಲಿ ಈ ಗುಣವನ್ನು ಕಂಡುಹಿಡಿದರು. ಈ ಪಿಯರ್ ಕ್ಯೂರಿಯೇ ಮುಂದೆ ಮೇರಿ ಕ್ಯೂರಿಯ ಪತಿಯಾದವರು.

ಇದು ತಿರುಗುಮುರುಗಾಗಿಯೂ ನಡೆಯುತ್ತದೆ. ಒತ್ತಿದರೆ ವಿದ್ಯುತ್ ಬರುತ್ತದೆ. ವಿದ್ಯುತ್ ಕೊಟ್ಟರೆ ಹರಳು ನಡುಗುತ್ತದೆ. ಅಂದರೆ ಒಂದೇ ವಸ್ತು ಕಿವಿಯೂ ಹೌದು, ಬಾಯಿಯೂ ಹೌದು!

ಇಂಥ ಎರಡು ಬಿಲ್ಲೆಗಳನ್ನು ಒಂದು ಉಕ್ಕಿನ ತೊಲೆಗೆ ಅಂಟಿಸಿದೆವು ಎನ್ನಿ. ಒಂದು ನಡುಗಿ ಅಲೆಯನ್ನು ಕಳಿಸುತ್ತದೆ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ 5 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ಇನ್ನೊಂದು ಬಿಲ್ಲೆ ಅದನ್ನು ಕೇಳಿಸಿಕೊಳ್ಳುತ್ತದೆ. ತೊಲೆ ಗಟ್ಟಿಯಾಗಿದ್ದ ದಿನವೇ ಆ ಅಲೆಯನ್ನು ದಾಖಲಿಸಿ ಇಡಬೇಕು. ಮುಂದೆ ನಡುವೆ ಬಿರುಕು ಬಿಟ್ಟರೆ ಅಲೆ ಅಲ್ಲಿ ಚದುರುತ್ತದೆ, ಸ್ವಲ್ಪ ಹಿಂದಕ್ಕೆ ಮರಳುತ್ತದೆ. ದಾಖಲೆಗೂ ಇಂದಿನ ಅಲೆಗೂ ಹೋಲಿಕೆ ತಪ್ಪುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ವಿಜ್ಞಾನಿಗಳು ವಿಮಾನದ ಭಾಗಗಳಿಗಾಗಿ ಇಂಥ ವಿಧಾನಗಳ ಮೇಲೆ ಸಂಶೋಧನೆ ಮಾಡಿದ್ದಾರೆ.

ನನ್ನ ಅಭಿಪ್ರಾಯ

ವಿಮಾನಕ್ಕೆ ತೋರುವ ಕಾಳಜಿಯನ್ನು ಸೇತುವೆಗೂ ತೋರಬೇಕು. ನಿಮ್ಮ ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಪ್ರತಿ ವರ್ಷ ನಿಮ್ಮ ತೂಕ ಬರೆದಿಡುತ್ತಾರೆ. ಹೋದ ವರ್ಷದ ತೂಕ ಗೊತ್ತಿಲ್ಲದಿದ್ದರೆ ಈ ವರ್ಷ ಇಳಿದಿದೆಯೋ ಏರಿದೆಯೋ ಹೇಳುವುದು ಹೇಗೆ? ಸೇತುವೆಯೂ ಹಾಗೆಯೇ. ಆದ್ದರಿಂದ ಹೊಸ ಸೇತುವೆ ಕಟ್ಟುವಾಗಲೇ ಸಂವೇದಕಗಳನ್ನು ಅಳವಡಿಸಬೇಕು. ಬ್ಯಾಡಗಿಯ ಮೆಣಸಿನಕಾಯಿ ಹೊತ್ತ ಲಾರಿಗಳು ಹಗಲೂ ರಾತ್ರಿ ಸಂಚರಿಸುವ ಹಳೆಯ ಸೇತುವೆಗಳಿಗೂ ಸರದಿ ಬರಬೇಕು.

ಆದರೆ ಸಂವೇದಕ ಇದ್ದಿದ್ದರೆ ಆ ಸರಪಳಿ ತುಂಡಾಗುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಬಿಲ್ಲೆಯ ಅಂಟು ಬಿಡಬಹುದು. ಬಿಸಿಲು, ಚಳಿ ಬದಲಾದಾಗ ಅಲೆಯೂ ಬದಲಾಗುತ್ತದೆ. ಅದನ್ನೇ ಬಿರುಕು ಎಂದು ತಪ್ಪು ತಿಳಿಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬಿಲ್ಲೆ ಹೇಳಿದ್ದನ್ನು ಓದುವ ಮತ್ತು ಕೂಡಲೇ ರಿಪೇರಿ ಮಾಡಿಸುವ ಮನುಷ್ಯರು ಬೇಕು. ಶಾಲೆಯ ಗಂಟೆ ಬಾರಿಸಿದರೆ ಸಾಲದು, ಒಳಗೆ ಬರುವ ಮಕ್ಕಳೂ ಬೇಕಲ್ಲವೇ?

ಒಮ್ಮೆ ನಾನು ಭೇಟಿ ಕೊಟ್ಟ ಶಾಲೆಯೊಂದರಲ್ಲಿ ಗೋಡೆಯ ಬಿರುಕಿನ ಮೇಲೆ ಸುಣ್ಣ ಬಳಿದಿದ್ದರು. "ಪ್ರತಿ ವರ್ಷ ಬಳಿತೀವ್ರಿ ಸರ್, ಮತ್ತ ಕಾಣತೈತ್ರಿ" ಎಂದಳು ಆರನೆಯ ತರಗತಿಯ ಹುಡುಗಿ. ಅವಳು ಹೇಳಿದ್ದರ ಅರ್ಥ ನೋಡಿ: ಬಿರುಕು ಬೆಳೆಯುತ್ತಿದೆ! ಅಷ್ಟು ಜನರಲ್ಲಿ ಅದನ್ನು ಗಮನಿಸಿದವಳು ಅವಳೊಬ್ಬಳೇ.

ನೀವೂ ಗಮನಿಸಿ. ಶಾಲೆಯ ಗೋಡೆಯಲ್ಲಿ ಕೈಗೆ ಎಟುಕುವ ಬಿರುಕಿದ್ದರೆ, ಶಿಕ್ಷಕರ ಜೊತೆಯಲ್ಲಿ, ಅದರ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಪ್ರತಿ ತಿಂಗಳು ನೋಡಿ. ಗೆರೆ ದಾಟಿದ್ದರೆ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಿ. ಮೇಲೆ ಹತ್ತಬೇಡಿ, ಬಿರುಕನ್ನು ಕೆದಕಬೇಡಿ, ಅದರ ಕೆಳಗೆ ಕೂರಬೇಡಿ.

ಲಕ್ಷಾಂತರ ರೂಪಾಯಿಯ ಯಂತ್ರ ಮಾಡುವುದೂ ಇದೇ ಕೆಲಸವನ್ನು: ಹಿಂದಿನದನ್ನು ಬರೆದಿಟ್ಟುಕೊಂಡು ಇಂದಿನದಕ್ಕೆ ಹೋಲಿಸುವುದು. ನಿಮ್ಮ ಪೆನ್ಸಿಲಿನಿಂದ ಇಂದೇ ಆರಂಭಿಸಬಹುದು.