ನಾಲ್ಕನೆಯ ತರಗತಿಯ ಸಮಾಜ ಪಾಠ

ಪಠ್ಯಪುಸ್ತಕದಲ್ಲಿ ಯಾರ ಹೆಸರು ಇರಬೇಕು, ಯಾರದು ಇರಬಾರದು ಎಂಬ ವಾದವು ೨೦೨೨ರಲ್ಲಿ ನಮ್ಮ ರಾಜ್ಯದ ಬೀದಿಬೀದಿಗಳಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಆಗ ಮಾಡಿದ ಬದಲಾವಣೆಗಳನ್ನು ಮರುವರ್ಷ ಬಂದ ಸರ್ಕಾರ ಕೈಬಿಟ್ಟಿತು. ಪಿ.ಯು. ತರಗತಿಯಲ್ಲಿದ್ದ ನಾನು ಎರಡು ಪಕ್ಷದವರ ಮಾತನ್ನೂ ಶ್ರದ್ಧೆಯಿಂದ ಕೇಳಿದೆ. ಒಂದು ವಿಷಯದಲ್ಲಿ ಮಾತ್ರ ಅವರಿಗೆ ಪೂರ್ಣ ಒಮ್ಮತವಿದ್ದಂತೆ ತೋರಿತು: ಸಮಾಜ ಪಾಠವೆಂದರೆ ದೊಡ್ಡವರು ಆರಿಸಿದ ಹೆಸರುಗಳನ್ನು ಚಿಕ್ಕವರು ಬಾಯಿಪಾಠ ಮಾಡುವುದು. ನನ್ನ ತಕರಾರು ಆ ಒಮ್ಮತದ ಮೇಲೆ.

ನಮ್ಮ ಶಾಲೆಗಳಲ್ಲಿ 'ಸಮಾಜ ವಿಜ್ಞಾನ' ಎಂಬ ಪುಸ್ತಕ ಕೈಗೆ ಬರುವುದು ಆರನೆಯ ತರಗತಿಯಲ್ಲಿ. ಅದಕ್ಕೆ ಮುಂಚೆ ಅದು 'ಪರಿಸರ ಅಧ್ಯಯನ'ದೊಳಗೆ ಗಿಡ, ಮರ, ಪ್ರಾಣಿಗಳ ಜೊತೆ ಸೇರಿಕೊಂಡಿರುತ್ತದೆ. ಈ ಏರ್ಪಾಟು ತಪ್ಪೆಂದು ನಾನು ಹೇಳಲಾರೆ. ೧೯೩೭ರ ವಾರ್ಧಾ ಸಮ್ಮೇಳನದ ತರುವಾಯ ಡಾ. ಜಾಕಿರ್ ಹುಸೇನರ ಸಮಿತಿ ರಚಿಸಿದ ಮೂಲ ಶಿಕ್ಷಣದ ಯೋಜನೆಯಲ್ಲಿಯೇ ಚರಿತ್ರೆ, ಭೂಗೋಳ, ಪೌರನೀತಿಗಳನ್ನು ಒಂದುಗೂಡಿಸಿ ಮಗುವಿನ ಸುತ್ತಣ ಬಾಳಿಗೆ ಹೊಂದಿಸುವ ವಿಚಾರವಿತ್ತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಶಾಲೆಯ ಅರಿವನ್ನು ಹೊರಗಿನ ಬದುಕಿಗೆ ಜೋಡಿಸಿರೆಂದೇ ಹೇಳಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಮಾತು ಬೇಕಿಲ್ಲ. ತೊಡಕಿರುವುದು, ಆ 'ಸುತ್ತಣ ಬಾಳು' ಯಾರದು ಎಂಬಲ್ಲಿ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಒಮ್ಮೆ ನಮ್ಮೂರಿನ ನಕ್ಷೆ ಬರೆದು ತರಲು ಹೇಳಿದ್ದರು. ಗೋಡೆಯ ಮೇಲೆ ಮಾದರಿ ಗ್ರಾಮದ ಒಂದು ಪಟ ತೂಗುಹಾಕಿತ್ತು. ಕೆಂಪು ಹೆಂಚಿನ ಮನೆಗಳು, ಗುಡಿ, ಶಾಲೆ, ಅಂಚೆ ಕಚೇರಿ, ಬಾವಿಯ ಬಳಿ ನಗುತ್ತ ನಿಂತ ಇಬ್ಬರು ಹೆಂಗಸರು. ನಾನು ಅದನ್ನೇ ನೋಡಿಕೊಂಡು ಬರೆದೆ. ನಮ್ಮೂರಲ್ಲಿ ಇಲ್ಲದ ಅಂಚೆ ಕಚೇರಿ ನನ್ನ ನಕ್ಷೆಯಲ್ಲಿ ಬಂತು. ಇರುವ ನಮ್ಮ ಕೇರಿ ಬರಲಿಲ್ಲ. ನಾನು ಹುಟ್ಟಿ ಬೆಳೆದ ಕೇರಿ ಅದು. ಬಿಡು ಎಂದು ಯಾರೂ ಹೇಳಿರಲಿಲ್ಲ. ಪಟದಲ್ಲಿ ಇಲ್ಲದ್ದು ಊರಿನೊಳಗೆ ಸೇರುವುದಿಲ್ಲವೆಂದು ನಾನೇ ತಿಳಿದಿದ್ದೆ. ಹತ್ತಕ್ಕೆ ಹತ್ತು ಅಂಕ ಬಂತು. ಮುಂದೆ ಹೈಸ್ಕೂಲಿನಲ್ಲಿ, ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿದೆ ಎಂದು ಬರೆದಾಗಲೂ ಪೂರ್ಣ ಅಂಕವೇ. ಈ ಎರಡಕ್ಕೂ ಏನೋ ಸಂಬಂಧ ಉಂಟೆಂದು ನನಗೆ ಹೊಳೆದುದು ಕಾಲೇಜಿಗೆ ಬಂದಮೇಲೆ.

ನನ್ನನ್ನು ಕೇಳಿದರೆ (ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ) ಬಯಲುಸೀಮೆಯ ನಾಲ್ಕನೆಯ ತರಗತಿಗೆ ಒಂದು ವರ್ಷದ ಸಮಾಜ ಪಾಠವಾಗಿ ಊರ ಕೆರೆಯೊಂದೇ ಸಾಕು. ಮಕ್ಕಳು ಏರಿಯನ್ನು ಹೆಜ್ಜೆಯಿಂದ ಅಳೆಯಲಿ. ಕೋಡಿ ಏಕೆ ಏರಿಗಿಂತ ತಗ್ಗಿನಲ್ಲಿದೆ ಎಂದು ಕೇಳಲಿ. ಹೆಚ್ಚಿನ ನೀರು ಅಲ್ಲಿ ಹೊರಬೀಳದಿದ್ದರೆ ಮಣ್ಣಿನ ಏರಿಯೇ ಒಡೆಯುತ್ತದೆಂದು ತಿಳಿಯಲಿ. ತೂಬು ಎತ್ತಿದಾಗ ಮೊದಲ ನೀರು ಯಾರ ಗದ್ದೆಗೆ, ಅಚ್ಚುಕಟ್ಟಿನ ಕೊನೆಯಲ್ಲಿ ಯಾರ ಗದ್ದೆಯಿದೆ ಎಂದು ಕೇಳಿದರೆ ಭೂಗೋಳವೂ ಅರ್ಥಶಾಸ್ತ್ರವೂ ಒಟ್ಟಿಗೆ ಬಂದುವು. ದುರಸ್ತಿಗೆ ಅರ್ಜಿ ಯಾರಿಗೆ ಎಂದರೆ ಪೌರನೀತಿ: ಅಚ್ಚುಕಟ್ಟು ೪೦ ಹೆಕ್ಟೇರಿಗೆ ಮೀರಿದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕೆ ಒಳಗಿದ್ದರೆ ಪಂಚಾಯತಿ. ಚರಿತ್ರೆಗೂ ದೂರ ಹೋಗಬೇಕಾಗಿಲ್ಲ. ಬಿ. ಎಲ್. ರೈಸ್ ಅವರು ೧೮೮೬ರಿಂದ ಪ್ರಕಟಿಸತೊಡಗಿದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಶಾಸನಗಳು ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿಯೇ ಇವೆ. ಕೆರೆ ಕಟ್ಟಿಸಿದ್ದಕ್ಕೆ, ಕಾಪಾಡಿದ್ದಕ್ಕೆ ಕೊಟ್ಟ 'ಕಟ್ಟುಗೊಡಗೆ', 'ಬಿತ್ತುವಟ್ಟ'ಗಳ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ. ಕಟ್ಟಿದವರ ಹೆಸರು ಏಕಿಲ್ಲವೆಂದು ಹತ್ತು ವರ್ಷದ ಮಗು ಕೇಳಿಯೇ ಕೇಳುತ್ತದೆ.

ನಮ್ಮ ತಾತ ನೀರುಗಂಟಿ. ತೂಬು ಎತ್ತಿ ಇಳಿಸಿ, ಗದ್ದೆಗದ್ದೆಗೆ ನೀರು ಹಾಯಿಸುವುದು ಅವರ ಕೆಲಸ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ೧೯೬೧ರ ಶಾಸನವು ರದ್ದು ಮಾಡಿತು. ಆದರೆ ನೀರು ಶಾಸನ ಓದಿಕೊಂಡು ತಾನಾಗಿ ಹರಿಯಲಿಲ್ಲವಾಗಿ, ಸುಗ್ಗಿಯಲ್ಲಿ ಸಿಗುವ ನಾಲ್ಕು ಸೇರು ಕಾಳಿಗೆ ಅವರು ಅದನ್ನೇ ಮಾಡುತ್ತಿದ್ದರು. ಯಾರ ಗದ್ದೆ ಎಷ್ಟು ನೀರು ಕುಡಿಯುತ್ತದೆಂದು ಅವರಿಗೆ ಗೊತ್ತಷ್ಟು ನಮ್ಮ ಹೋಬಳಿಯಲ್ಲಿ ಇನ್ನಾರಿಗೂ ಗೊತ್ತಿಲ್ಲ. ನಾನು ಹತ್ತು ವರ್ಷ ಓದಿದ ಯಾವ ಸಮಾಜ ಪಾಠದಲ್ಲಿಯೂ ಈ ಅರಿವಿಗೆ ಒಂದು ಸಾಲು ಸಿಕ್ಕಲಿಲ್ಲ.

ಹತ್ತಿರದಿಂದ ದೂರಕ್ಕೆ, ಮನೆಯಿಂದ ಊರಿಗೆ, ಊರಿಂದ ತಾಲ್ಲೂಕಿಗೆ ಎಂದು ಮೆಟ್ಟಿಲು ಕಟ್ಟುವ ಕ್ರಮವನ್ನೂ ಅತಿಯಾಗಿ ನಂಬಬಾರದು. ಚಿತ್ರದುರ್ಗದ ಕಡೆಯ ಮಗುವಿಗೆ ಅಪ್ಪನ ಈರುಳ್ಳಿ ಲಾರಿ ಏರಿ ಯಶವಂತಪುರದ ಮಂಡಿಗೆ ಹೋಗುವುದು ಗೊತ್ತು. ಅದಕ್ಕೆ ಬೆಂಗಳೂರು ಪಕ್ಕದ ಊರಿಗಿಂತ ಹತ್ತಿರ.

ಇದಕ್ಕೆ ಆಕ್ಷೇಪಣೆಗಳು ಇವೆ. ಉಪಾಧ್ಯಾಯರು ಪರಸ್ಥಳದವರು, ಇವತ್ತು ಬಂದು ನಾಳೆ ವರ್ಗವಾಗುವವರು. ಅವರಿಗೆ ಊರು ಗೊತ್ತಿರುವುದಿಲ್ಲ. ನಿಜವೇ. ಆದುದರಿಂದಲೇ ಪ್ರತಿಯೊಂದು ಕ್ಲಸ್ಟರಿನಲ್ಲಿ ಗ್ರಾಮದ ನಕ್ಷೆ, ಶಾಸನದ ಪಾಠ, ಕೆಲವು ಪಹಣಿಗಳು, ಹಿರಿಯರು ಹೇಳಿದ ಮಾತುಗಳು ಇವುಗಳ ಒಂದು ಕಟ್ಟು ಇರಬೇಕು. ವರ್ಷವರ್ಷವೂ ಮಕ್ಕಳೇ ಅದಕ್ಕೆ ಕೂಡಿಸುತ್ತ ಹೋಗಬೇಕು. ಪರೀಕ್ಷೆ ಹೇಗೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಬೇಕೆಂದೂ ತೋರುವುದಿಲ್ಲ. ಮೂರನೆಯದು ಗಟ್ಟಿಯಾದುದು: ನೀರಿನ ಸರದಿ, ಕೇರಿ, ಜಾತಿ ಇವನ್ನೆಲ್ಲ ಎಳೆಯ ಮಕ್ಕಳ ಮುಂದೆ ಎತ್ತಿದರೆ ಊರಲ್ಲಿ ಜಗಳವಾಗದೆ? ನಮ್ಮ ಅಧ್ಯಾಪಕರೊಬ್ಬರೇ ನನ್ನನ್ನು ಹೀಗೆ ಕೇಳಿದರು. ಸ್ವಾಮಿ, ಯಾವ ಮನೆಯ ಹೊಸ್ತಿಲಲ್ಲಿ ನಿಲ್ಲಬೇಕು, ಯಾವುದನ್ನು ದಾಟಬಹುದು ಎಂಬುದನ್ನು ನಾವು ಅಕ್ಷರಕ್ಕೆ ಮೊದಲೇ ಕಲಿತಿರುತ್ತೇವೆ. ಆ ಪಾಠ ಮುಗಿದ ಮೇಲೆ ಶಾಲೆಯು ಮೌನವಾಗಿದ್ದರೆ ಮಗು ಅದನ್ನು ಒಪ್ಪಿಗೆಯೆಂದೇ ಓದಿಕೊಳ್ಳುತ್ತದೆ. ನಾನು ಹಾಗೆಯೇ ಓದಿಕೊಂಡೆ.

ಹೋದ ದಸರೆಯ ರಜೆಗೆ ಮುಂಚೆ ನಮ್ಮ ಹಳೆಯ ಶಾಲೆಗೆ ಹೋಗಿ, ಅನುಮತಿ ಪಡೆದು, ನಾಲ್ಕನೆಯ ತರಗತಿಯ ಹತ್ತೊಂಬತ್ತು ಮಕ್ಕಳನ್ನು ತಾತನೊಂದಿಗೆ ಏರಿಯ ಮೇಲೆ ಕರೆದುಕೊಂಡು ಹೋದೆ. "ಕೆರೆ ಬತ್ತಿದ ವರ್ಷ ನಿನಗೆ ಕಾಳು ಯಾರು ಕೊಡ್ತಿದ್ರು ತಾತ?" ಎಂದು ಒಬ್ಬ ಹುಡುಗಿ ಕೇಳಿದಳು. "ಯಾರ್ ಕೊಡ್ತಾರವ್ವ," ಎಂದು ತಾತ ನಕ್ಕುಬಿಟ್ಟರು. ಮಧ್ಯಾಹ್ನ ಎಲ್ಲರೂ ಊರಿನ ನಕ್ಷೆ ಬರೆದರು. ಹನ್ನೆರಡು ನಕ್ಷೆಗಳಲ್ಲಿ ನಮ್ಮ ಕೇರಿ ಇತ್ತು. ಇಲ್ಲದ ಏಳರಲ್ಲಿ ಒಂದು ನಮ್ಮ ಕೇರಿಯ ಹುಡುಗನದೇ.