ಹಿಪ್ಪುನೇರಳೆ ಸೊಪ್ಪೂ ಕೊಬ್ಬಿನ ಕೋಶವೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ನನ್ನ ಶಿಷ್ಯರಿಗೂ ಬಂಧುಗಳಿಗೂ ಹಿಪ್ಪುನೇರಳೆಯನ್ನು ಪರಿಚಯಿಸಬೇಕಾಗಿಲ್ಲ. ಬೆಳಗ್ಗೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಶಾಲೆಗೆ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಅದೇ ಸೊಪ್ಪು ಇಂದು ಪುಡಿಯಾಗಿ, ಕೊಬ್ಬು ಕರಗಿಸುವ, ಸಕ್ಕರೆ ಕಾಯಿಲೆ ನೀಗಿಸುವ ದಿವ್ಯೌಷಧವೆಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಇದರಲ್ಲಿ ಸತ್ಯವೆಷ್ಟು ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಒಳಿತು.

ಸತ್ಯಾಂಶ ಇಲ್ಲದಿಲ್ಲ. ಈ ಎಲೆಯಲ್ಲಿರುವ ಡಿಆಕ್ಸಿನೊಜಿರಿಮೈಸಿನ್ ಎಂಬ ವಸ್ತು, ಕರುಳಿನಲ್ಲಿ ಪಿಷ್ಟವು ಸಕ್ಕರೆಯಾಗುವುದನ್ನು ನಿಧಾನಗೊಳಿಸುತ್ತದೆ. ಮಿಗ್ಲಿಟಾಲ್ ಎಂಬ ಮಧುಮೇಹದ ಔಷಧವು ಇದೇ ವಸ್ತುವಿನಿಂದ ರೂಪುಗೊಂಡದ್ದು. ಇನ್ನು ಕೊಬ್ಬಿನ ಮಾತು. ನಮ್ಮ ದೇಹದಲ್ಲಿ ಎಳೆಯ ಕೋಶಗಳು ಪಕ್ವಗೊಂಡು ಕೊಬ್ಬಿನ ಕೋಶಗಳಾಗುತ್ತವೆ. 1970ರ ದಶಕದಲ್ಲಿ ಹೋವರ್ಡ್ ಗ್ರೀನ್ ಮತ್ತು ಅವರ ಸಹೋದ್ಯೋಗಿಗಳು ಇಲಿಯ ಭ್ರೂಣದಿಂದ ಪಡೆದ ಕೋಶಗಳಲ್ಲಿ ಈ ಮಾರ್ಪಾಟನ್ನು ಗಾಜಿನ ತಟ್ಟೆಯಲ್ಲೇ ಕಾಣುವಂತಾಯಿತು. ಅರಿಸಿನದ ಕರ್ಕ್ಯುಮಿನ್, ಹಿಪ್ಪುನೇರಳೆ ಎಲೆಯ ಸಾರ ಮುಂತಾದವು ಅಂತಹ ಕೋಶಗಳಲ್ಲಿ ಕೊಬ್ಬು ತುಂಬುವುದನ್ನು ತಗ್ಗಿಸಿದ್ದುಂಟು.

ಆದರೆ ತಟ್ಟೆ ಬೇರೆ, ಹೊಟ್ಟೆ ಬೇರೆ. ತಟ್ಟೆಯಲ್ಲಿ ಸಾರವು ಕೋಶಕ್ಕೆ ನೇರವಾಗಿ ತಾಗುತ್ತದೆ. ನಾವು ತಿಂದದ್ದು ಕರುಳನ್ನೂ ಯಕೃತ್ತನ್ನೂ ದಾಟಿ ಹೋಗಬೇಕು. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಮಲೆನಾಡಿನ ಉಪ್ಪಾಗೆ ಹಣ್ಣಿನ ಆಮ್ಲ ಇಲಿಗಳಲ್ಲಿ ಕೊಬ್ಬಿನ ತಯಾರಿಕೆಯನ್ನು ತಡೆದಿತ್ತು. 1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆದ ಪರೀಕ್ಷೆಯ ವರದಿ ಪ್ರಕಟವಾದಾಗ, ಅದನ್ನು ಸೇವಿಸಿದವರು ಹುಸಿಗುಳಿಗೆ ನುಂಗಿದವರಿಗಿಂತ ಹೆಚ್ಚು ತೂಕ ಕಳೆದುಕೊಂಡಿರಲಿಲ್ಲ.

ದೇಹದಿಂದ ದೇಹಕ್ಕೆ ಫಲ ಬೇರೆಯಾಗುತ್ತದೆಂಬುದಕ್ಕೆ ನಮ್ಮ ರೇಷ್ಮೆಹುಳುವೇ ಸಾಕ್ಷಿ. ಬೇರೆ ಹುಳುಗಳಿಗೆ ತೊಡಕಾಗುವ ಆ ಎಲೆಯನ್ನೇ ಮೇದು, ಸುಮಾರು 25 ದಿನಗಳಲ್ಲಿ ಅದು ಹತ್ತು ಸಾವಿರ ಪಟ್ಟು ತೂಗುತ್ತದೆ! ಕೊಬ್ಬಿನ ಕೋಶವನ್ನು ಶತ್ರುವೆಂದು ಭಾವಿಸುವುದೂ ತರವಲ್ಲ. ಅದು ದೇಹದ ಕಣಜ. ಜನ್ಮತಃ ಆ ಕೋಶಗಳಿಲ್ಲದವರಲ್ಲಿ ಕೊಬ್ಬು ಯಕೃತ್ತಿನಲ್ಲಿ ಶೇಖರವಾಗಿ ತೀವ್ರ ಮಧುಮೇಹವೇ ಬರುತ್ತದೆ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟೆ: ಸೊಪ್ಪನ್ನು ಸೊಪ್ಪಾಗಿ ಗೌರವಿಸೋಣ, ವೈದ್ಯನ ಪಟ್ಟ ಕಟ್ಟುವುದು ಬೇಡ. ಪುಡಿಯನ್ನು ನಂಬಿ ಮಾತ್ರೆ ಬಿಟ್ಟರೆ ಸಕ್ಕರೆ ಏರುತ್ತದೆ. ವೈದ್ಯರಿಗೆ ತಿಳಿಸದೆ ಎರಡನ್ನೂ ಸೇವಿಸಿದರೆ ಅತಿಯಾಗಿ ಇಳಿಯಲೂಬಹುದು. ಔಷಧ ಸಿಂಪಡಿಸಿದ ತೋಟದ ಎಲೆಯಂತೂ ಮನುಷ್ಯರಿಗೆ ಸಲ್ಲದು. ಊರಿನಲ್ಲಿರುವ ನಿಮ್ಮ ತಂದೆತಾಯಿಯರು ಇಂತಹ ಪುಡಿ ಸೇವಿಸುತ್ತಿದ್ದರೆ ಗದರಿಸಬೇಡಿ. ಮಾತ್ರೆ ಬಿಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಿ.